ಬಚ್ಚಲ ಲೆಕ್ಕ ಯಾರದು?

ಹೋದ ಚಳಿಗಾಲದಲ್ಲಿ ಗೀಜರ್ ಕೊಳ್ಳಲು ಗದಗಿನ ಅಂಗಡಿಯೊಂದಕ್ಕೆ ಹೋಗಿದ್ದೆ. ಅಂಗಡಿಯವರು ಕೇಳಿದ ಮೊದಲ ಮಾತು, “ಸರ್ ಬಂದಿಲ್ಲೇನ್ರಿ ಅಕ್ಕೋರ?” ಎರಡನೆಯದು, “ಮನ್ಯಾಗ ಎಷ್ಟ ಮಂದಿ ಅದೀರಿ?” ಐದು ಎಂದೆ. “ಹಂಗಾರ 25 ಲೀಟರಿಂದು ಒಯ್ರಿ.” ಅಲ್ಲಿಗೆ ಲೆಕ್ಕ ಮುಗಿಯಿತು. ಯಾರು ಎಷ್ಟು ಹೊತ್ತಿಗೆ ಜಳಕ ಮಾಡುತ್ತಾರೆ, ಬಕೀಟಿನಿಂದಲೋ ಶವರಿನಿಂದಲೋ, ನೀರು ನಳದ್ದೋ ಬೋರಿನದೋ, ಒಂದನ್ನೂ ಕೇಳಲಿಲ್ಲ. ಮನೆಗೆ ಬಂದರೆ ಯಜಮಾನರದೂ ಅದೇ ರಾಗ: “ದೊಡ್ಡದ ಇರ್ಲಿ, ಬೀಗರು ಬರ್ತಾರ.” ವರ್ಷಕ್ಕೆರಡು ಸಲ ಬರುವ ಬೀಗರಿಗಾಗಿ ದಿನಾ ನೀರು ಕಾಯಿಸಬೇಕೇ?

ಮುಂಡರಗಿಯ ನನ್ನ ತವರಿನಲ್ಲಿ ತಾಮ್ರದ ಹಂಡೆಯಿತ್ತು. ಅವ್ವ ನಸುಕಿನಲ್ಲೆದ್ದು ಹತ್ತಿ ಕಟ್ಟಿಗೆ, ಕುಳ್ಳು ಹಾಕಿ ಬಚ್ಚಲ ಒಲೆ ಹೊತ್ತಿಸುತ್ತಿದ್ದಳು. ಒಬ್ಬರು ಬಿಸಿನೀರು ತೋಡಿಕೊಂಡು ಹೋದರೆ ಅಷ್ಟೇ ತಣ್ಣೀರು ಸುರಿದು ಮುಂದಿನವರಿಗೆ ಅಣಿ ಮಾಡುತ್ತಿದ್ದಳು. ಹಂಡೆಯನ್ನು ಹೊಗಳಲು ಹೊರಟಿಲ್ಲ. ಆ ಹೊಗೆ ಕುಡಿದವರಿಗೆ ಅದರ ಮೋಹವಿರುವುದಿಲ್ಲ. ಆದರೆ ಯಾರಿಗೆ ಎಷ್ಟು ನೀರು ಎಂಬ ಲೆಕ್ಕ ಅವಳದಾಗಿತ್ತು. ನೀರು ಕಾಯಿಸುವುದು ಕಷ್ಟದ ಕೆಲಸವಾಗಿದ್ದಾಗ ಗಂಡಸರು ಬಚ್ಚಲ ಕಡೆ ಹಣಿಕಿ ಹಾಕಲಿಲ್ಲ. ಗುಂಡಿ ಒತ್ತಿದರೆ ಕಾಯುವ ಯಂತ್ರ ಬಂದ ಕೂಡಲೇ ಅದರ ಅಳತೆ ಹೇಳುವವರು ಅವರಾದರು!

ಲೆಕ್ಕವೇನೂ ಬ್ರಹ್ಮವಿದ್ಯೆಯಲ್ಲ, ನಮ್ಮ ಏಳನೆಯತ್ತೆಯ ಹುಡುಗಿಯರೂ ಮಾಡಿಯಾರು. ನಮ್ಮ ಬಕೀಟಿಗೆ 18 ಲೀಟರ್ ಹಿಡಿಯುತ್ತದೆ. ಮೈಗೆ ಹಿತವಾಗುವುದು ಸುಮಾರು 40 ಡಿಗ್ರಿ. ತಣ್ಣೀರು 25 ಡಿಗ್ರಿ, ಗೀಜರಿನ ನೀರು 60 ಡಿಗ್ರಿ ಇದ್ದರೆ ಒಂದು ಬಕೀಟಿಗೆ 8 ಲೀಟರಿನಷ್ಟು ಬಿಸಿನೀರು ಸಾಕು, ಉಳಿದದ್ದು ತಣ್ಣೀರು. ಅಂದರೆ 15 ಲೀಟರಿನ ಗೀಜರಿನಲ್ಲಿ ಸುಮಾರು ಎರಡು ಬಕೀಟು, 25 ಲೀಟರಿನದರಲ್ಲಿ ಮೂರು. 2 ಕಿಲೋವ್ಯಾಟಿನ ಕಾಯಿಲ್ 15 ಲೀಟರನ್ನು ಇಪ್ಪತ್ತು ನಿಮಿಷದಲ್ಲಿ ಕಾಯಿಸುತ್ತದೆ, 25ಕ್ಕೆ ಅರ್ಧ ತಾಸು ಬೇಕು. ಐವರೂ ಒಂದೇ ತಾಸಿನಲ್ಲಿ ಹೊರಡುವ ಮನೆಗೆ ದೊಡ್ಡದೇ ಬೇಕು ಎನ್ನಿ, ಒಪ್ಪುತ್ತೇನೆ. ನಮ್ಮಲ್ಲಿ ನಾನು ಐದಕ್ಕೆ, ಸೊಸೆ ಐದೂವರೆಗೆ, ಗಂಡಸರು ಏಳರ ಮೇಲೆ. ನಡುವೆ ಮತ್ತೆ ಕಾಯಲು ಬೇಕಾದಷ್ಟು ಹೊತ್ತು ಇದೆ. ಎಷ್ಟು ಮಂದಿ ಎಂಬುದಕ್ಕಿಂತ ಯಾರ ಹಿಂದೆ ಯಾರು ಎಂಬುದೇ ಮುಖ್ಯ. ಅನೇಕ ಮನೆಗಳಲ್ಲಿ ಅಡಿಗೆ, ಡಬ್ಬಿ ಎಲ್ಲ ಮುಗಿಸಿ ಕೊನೆಗೆ ಬಚ್ಚಲಿಗೆ ಹೋಗುವವಳಿಗೆ ಉಗುರುಬೆಚ್ಚಗಿನ ನೀರೇ ಗತಿ. ಆ ಕೊನೆಯ ಬಕೀಟನ್ನು ಲೆಕ್ಕಕ್ಕೆ ಹಿಡಿದವರನ್ನು ನಾನು ಕಂಡಿಲ್ಲ.

ಇನ್ನು ನೀರು. ನಮ್ಮ ಓಣಿಯಲ್ಲಿ ನಳಕ್ಕೆ ನೀರು ಬಿಟ್ಟ ದಿನ ಹಬ್ಬ, ಉಳಿದ ದಿನ ಬೋರಿನದೇ. ಆ ಸವಳು ನೀರು ಕುದಿಸಿದರೆ ಪಾತ್ರೆಯ ತಳಕ್ಕೆ ಬಿಳಿ ಹೆಪ್ಪು ಕಟ್ಟುವುದು ಲಕ್ಷ್ಮೇಶ್ವರ, ಶಿರಹಟ್ಟಿಯ ಗೃಹಿಣಿಯರಿಗೆ ಹೇಳಿಕೊಡಬೇಕಿಲ್ಲ. ಅದೇ ಸುಣ್ಣ ಕಾಯಿಲಿನ ಮೇಲೂ ಕೂಡುತ್ತದೆ. ಕರೆಂಟು ಉರಿಯುತ್ತದೆ, ನೀರು ಬೇಗ ಕಾಯುವುದಿಲ್ಲ. ದೊಡ್ಡದನ್ನು ತಂದು ಹಾಗೇ ಬಿಡುವುದಕ್ಕಿಂತ ಚಿಕ್ಕದನ್ನು ತಂದು ವರ್ಷಕ್ಕೊಮ್ಮೆ ಬಿಚ್ಚಿ ತೊಳೆಸುವುದು ಮೇಲು. ಒಳಗಿನ ಮೆಗ್ನೀಷಿಯಮ್ ಸರಳು ಸವೆದಿದ್ದರೆ ಆಗಲೇ ಬದಲಿಸಬೇಕು, ಇಲ್ಲವಾದರೆ ಟ್ಯಾಂಕಿಗೇ ತುಕ್ಕು. ಇದನ್ನೂ ಅಂಗಡಿಯವರು ಹೇಳಲಿಲ್ಲ.

“ಗೃಹಜ್ಯೋತಿ ಐತಲ್ಲ, ಬಿಲ್ಲಿನ ಚಿಂತಿ ಯಾಕ?” ಎಂದರು ಯಜಮಾನರು. 2023ರಲ್ಲಿ ಬಂದ ಆ ಯೋಜನೆಯ ಗರಿಷ್ಠ ಮಿತಿ 200 ಯೂನಿಟ್. ಅದರೊಳಗೂ ಪ್ರತಿ ಮನೆಗೆ ಅದರ ಹಿಂದಿನ ಬಳಕೆ ನೋಡಿ ಲೆಕ್ಕ ಕಟ್ಟಿದ್ದಾರೆ. 2 ಕಿಲೋವ್ಯಾಟಿನ ಗೀಜರ್ ದಿನಕ್ಕೆರಡು ತಾಸು ಉರಿದರೆ ತಿಂಗಳಿಗೆ 120 ಯೂನಿಟ್. ಫ್ರಿಜ್ಜು, ಮಿಕ್ಸಿ, ಫ್ಯಾನಿಗೆ ಉಳಿಯುವುದೇನು?

ಅಗ್ಗವೆಂದು ಗ್ಯಾಸ್ ಗೀಜರ್ ಹಾಕಿಸುವವರ ಮೇಲೆ ಮಾತ್ರ ನನಗೆ ನಿಜವಾಗಿ ಸಿಟ್ಟಿದೆ. ಲಕ್ಷ್ಮೇಶ್ವರದ ನಮ್ಮ ಬಂಧುಗಳ ಮನೆಯಲ್ಲಿ ಕಿಟಕಿಯಿಲ್ಲದ ನಾಲ್ಕಡಿಯ ಬಚ್ಚಲಲ್ಲಿ ಅದನ್ನು ಕೂಡಿಸಿದ್ದರು. ಕಾಲೇಜಿಗೆ ಹೋಗುವ ಮಗಳು ತಲೆ ಎರೆದುಕೊಳ್ಳಲು ಹೋದವಳು ಅರ್ಧ ತಾಸಾದರೂ ಹೊರಗೆ ಬರಲಿಲ್ಲ. ಬಾಗಿಲು ಒಡೆದಾಗ ಎಚ್ಚರ ತಪ್ಪಿ ಬಿದ್ದಿದ್ದಳು. ಗ್ಯಾಸ್ ಸರಿಯಾಗಿ ಉರಿಯದಿದ್ದರೆ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನೇ ಹಿಡಿಯುತ್ತದೆ. ಹುಡುಗಿ ಉಳಿದಳು. ತಲೆ ಎರೆದುಕೊಳ್ಳಲು ಹೆಚ್ಚು ಹೊತ್ತು ಬಚ್ಚಲಲ್ಲಿರುವವರು ಹೆಣ್ಣುಮಕ್ಕಳು, ಯಂತ್ರ ಆರಿಸಿದವರು ಐದು ನಿಮಿಷದಲ್ಲಿ ಹೊರಬರುವ ಗಂಡಸರು. ಅಂಥ ಗೀಜರ್ ಇರುವ ಮನೆಯವರು ಇವತ್ತೇ ಅದನ್ನು ಬಚ್ಚಲ ಹೊರಗೆ, ಗಾಳಿಯಾಡುವಲ್ಲಿ ಹಾಕಿಸಿ. ಸಂಕೋಚ ಬೇಡ, ಜಗಳವಾದರೂ ಆಗಲಿ.

ನಾನು ಮರುದಿನ ಒಬ್ಬಳೇ ಹೋಗಿ 15 ಲೀಟರಿನದನ್ನೇ ತಂದೆ. ಅಂಗಡಿಯವರು ಬಿಲ್ಲಿನಲ್ಲಿ ಯಜಮಾನರ ಹೆಸರು ಬರೆದಿದ್ದರು. ಹೊಡೆದು ಹಾಕಿಸಿ ನನ್ನ ಹೆಸರು ಬರೆಸಿದೆ.