ರಾಕ್ಷಸನ ಹಿಂದೆ ಮುಖವೀಣೆ

ಈ ವಾರ ಸಿನಿಮಾ ಹಾಡಿಗೆ ರಜ, ಓದುಗರೇ! ಬೆಂಗಳೂರಿನ 'ಕ್ರಿಪ್ಟೋಸ್' ಹೆಸರು ಕೇಳಿದ್ದೀರಾ? 1998ರಲ್ಲಿ ಹುಟ್ಟಿದ ಹೆವಿ ಮೆಟಲ್ ತಂಡ. 2013ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿ ಬಂದವರು. ಅವರ 2016ರ ಆಲ್ಬಂ 'ಬರ್ನ್ ಅಪ್ ದ ನೈಟ್' ನನಗೆ ಅಚ್ಚುಮೆಚ್ಚು. ನೋಲನ್ ಲೂಯಿಸ್ ಅವರದು ಡೆತ್ ಮೆಟಲ್‌ನವರ ಹಾಗೆ ಗಂಟಲು ಹರಿಯುವ ಗರ್ಜನೆ. ಆದರೆ ಅವರ ಗಿಟಾರೂ ರೋಹಿತ್ ಚತುರ್ವೇದಿಯವರ ಗಿಟಾರೂ ಜೋಡಿಯಾಗಿ ಹೊರಟರೆ... ಎಂಥ ಇಂಪು ಅಂತೀರಿ!

ಪಿ.ಯು.ಸಿ. ಬಿಟ್ಟು ಅಲೆಯುತ್ತಿದ್ದ ದಿನಗಳು. ಸಂಡೂರಿನ ಬಸ್ಸಿನಲ್ಲಿ, ಅದಿರು ಲಾರಿಗಳ ಕೆಂಧೂಳಿನಲ್ಲಿ, ಇದನ್ನೇ ಕೇಳುತ್ತಿದ್ದೆ. "ಏನೋ ಇದು ಕೂಗಾಟ?" ಅಂತ ಎಲ್ಲರೂ ಬೈದರು. ಅಪ್ಪ ಮಾತ್ರ ಒಮ್ಮೆ ಹೊಸಪೇಟೆ ಬಸ್ ನಿಲ್ದಾಣದಲ್ಲಿ ನನ್ನ ಮೊಬೈಲು ಕಿವಿಗೆ ಹಿಡಿದು ಪೂರ್ತಿ ಒಂದು ಹಾಡು ಕೇಳಿದರು. ಕಂಪ್ಲಿ ಕಡೆ ಬಯಲಾಟದಲ್ಲಿ ರಾಕ್ಷಸನ ಪಾತ್ರ ಹಾಕಿದವರು. "ಮುಂದೆ ರಾಕ್ಷಸ ಅಬ್ಬರಿಸ್ತಾನ, ಹಿಂದೆ ಮುಖವೀಣೆ ನುಡೀತೈತಿ. ನಮ್ಮಾಟನ ಬಿಡು ಇದು" ಅಂದರು. ಕಾಲೇಜು ಬಿಟ್ಟ ಮೇಲೆ ಅಪ್ಪ ನನ್ನೊಡನೆ ಆಡಿದ ಮೊದಲ ಒಳ್ಳೇ ಮಾತು!

ಈಗ ಅಪ್ಪ ಇಲ್ಲ. ಆಲ್ಬಂ ಇದೆ. ನೀವೂ ಒಮ್ಮೆ ಕೇಳಿ ಸ್ವಾಮಿ, ಗರ್ಜನೆಗೆ ಹೆದರಬೇಡಿ. ಹಿಂದಿರುವ ರಾಗಕ್ಕೆ ಕಿವಿ ಕೊಡಿ.