ಆರ್ಕಿಡ್‌ಗೆ ಟಿ.ಸಿ. ಕೊಟ್ಟು ಕಳಿಸೋಕೆ ಆಗುತ್ತಾ?

ಹವಾಮಾನ ಬದಲಾದರೆ ಗಿಡಗಳು ತಮಗೆ ಒಗ್ಗುವ ಜಾಗಕ್ಕೆ ಸರಿಯುತ್ತವೆ ಅಂತ ನಾವು ಪರೀಕ್ಷೆಯಲ್ಲಿ ಒಂದು ಸಾಲು ಬರೆದು ಎರಡು ಮಾರ್ಕ್ಸ್ ತಗೊಳ್ತೀವಿ. ಓದೋಕೆ ಸುಲಭ. ಕೆಳಗೆ ಸೆಕೆ ಜಾಸ್ತಿ ಆಯ್ತು, ಗಿಡ ಬೆಟ್ಟ ಹತ್ತಿತು, ಒಂದು ಕಾಲೇಜಿಂದ ಟಿ.ಸಿ. ತಗೊಂಡು ಇನ್ನೊಂದಕ್ಕೆ ಸೇರಿದ ಹಾಗೆ. ಆದರೆ ಕಾಡು ಆರ್ಕಿಡ್‌ಗಳ ವಿಷಯದಲ್ಲಿ ಈ ಸಾಲು ಅರ್ಧ ಮಾತ್ರ ನಿಜ. ಉಳಿದರ್ಧದ ಬಗ್ಗೆ ಯೋಚಿಸಬೇಕಾದವರಲ್ಲಿ ನಾವೂ ಇದ್ದೀವಿ.

ಮಲೆನಾಡಿನ ಕಡೆಯ ಗೆಳೆಯರಿಗೆ ಸೀತಾಳೆ ದಂಡೆ ಗೊತ್ತಿರುತ್ತೆ. ಮರದ ಕೊಂಬೆಯಿಂದ ನರಿಬಾಲದ ಹಾಗೆ ಇಳಿಬಿದ್ದಿರುವ ಬಿಳಿ-ನೇರಳೆ ಹೂಗೊಂಚಲು ಅದು. ಅಸ್ಸಾಮಿನ ರಾಜ್ಯಪುಷ್ಪವೂ ಇದೇ, ಬಿಹು ಕುಣಿತದಲ್ಲಿ ಹೆಣ್ಣುಮಕ್ಕಳು ಮುಡಿಯೋದೂ ಇದನ್ನೇ. ಮರದ ಮೇಲೆ ಕೂತಿದ್ದರೂ ಇದು ಮರದ ರಸ ಹೀರಲ್ಲ. ಬೇರಿನ ಮೇಲಿನ ಸ್ಪಂಜಿನಂಥ ಪದರದಿಂದ ಮಳೆ, ಮಂಜಿನ ನೀರು ಹಿಡಿದುಕೊಂಡು ಬದುಕುತ್ತೆ. ಹಾಗಾಗಿ ಮಳೆಯ ಲೆಕ್ಕ ತಪ್ಪಿದರೆ ಮಣ್ಣಲ್ಲಿರೋ ಗಿಡಕ್ಕಿಂತ ಮೊದಲು ಇದಕ್ಕೆ ಬಿಸಿ ತಟ್ಟುತ್ತೆ.

ಸರಿ, ಬೇರೆ ಕಡೆ ಹೋಗಲಿ ಅಂತೀರಾ? ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಗಾಳಿಯಲ್ಲಿ ದೂರ ಹೋಗಬಲ್ಲದು. ಆದರೆ ಅದರೊಳಗೆ ಮೊಳಕೆಗೆ ಬೇಕಾದ ಊಟದ ದಾಸ್ತಾನೇ ಇಲ್ಲ. ಬಿದ್ದ ಜಾಗದಲ್ಲಿ ಸರಿಯಾದ ಶಿಲೀಂಧ್ರ ಇದ್ದು, ಅದು ಊಟ ಕೊಟ್ಟರೆ ಮಾತ್ರ ಬೀಜ ಮೊಳೆಯುತ್ತೆ. ಆಮೇಲೆ ಹೂ ಬಿಡೋಕೆ ವರ್ಷಗಳೇ ಬೇಕು. ಹೂ ಬಿಟ್ಟ ಮೇಲೆ ಪರಾಗ ಒಯ್ಯುವ ಕೀಟವೂ ಅಲ್ಲೇ ಇರಬೇಕು, ಅದೇ ಟೈಮಿಗೆ ಬರಬೇಕು.

ಟೈಮ್ ತಪ್ಪಿದರೆ ಏನಾಗುತ್ತೆ ಅನ್ನೋದಕ್ಕೆ ಇಂಗ್ಲೆಂಡಿನ ಉದಾಹರಣೆ ಇದೆ. ಅಲ್ಲಿನ ಸ್ಪೈಡರ್ ಆರ್ಕಿಡ್ ಹೆಣ್ಣು ಜೇನ್ನೊಣದ ವೇಷ ಹಾಕಿ ಗಂಡು ನೊಣವನ್ನ ಕರೆಯುತ್ತೆ. ಮ್ಯೂಸಿಯಂಗಳಲ್ಲಿದ್ದ ಹಳೇ ಮಾದರಿಗಳನ್ನ ಲೆಕ್ಕ ಹಾಕಿ 2014ರಲ್ಲಿ ವಿಜ್ಞಾನಿಗಳು ಹೇಳಿದ್ದು ಇಷ್ಟು: ವಸಂತಕಾಲ 1 ಡಿಗ್ರಿ ಬಿಸಿಯಾದರೆ ಹೂ ಸುಮಾರು 6 ದಿನ ಬೇಗ ಅರಳುತ್ತೆ, ಗಂಡು ನೊಣ 9 ದಿನ ಬೇಗ ಬರುತ್ತೆ, ಹೆಣ್ಣು ನೊಣ 15 ದಿನ ಬೇಗ. ನಿಜವಾದ ಹೆಣ್ಣು ಎದುರಿಗೇ ಇರುವಾಗ ವೇಷದ ಹೂವನ್ನ ಯಾರು ಕೇಳ್ತಾರೆ?

ಈಗ ನಮಗೆ ಇಷ್ಟವಾದ ಲೆಕ್ಕಕ್ಕೆ ಬರೋಣ. 1000 ಮೀಟರ್ ಮೇಲೆ ಹೋದರೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಇಳಿಯುತ್ತೆ. ಅಂದರೆ 1 ಡಿಗ್ರಿ ತಪ್ಪಿಸಿಕೊಳ್ಳೋಕೆ ಸುಮಾರು 150 ಮೀಟರ್ ಹತ್ತಬೇಕು. ನಮ್ಮ ರಾಜ್ಯದ ಅತಿ ಎತ್ತರದ ಬೆಟ್ಟ ಮುಳ್ಳಯ್ಯನಗಿರಿ ಸುಮಾರು 1930 ಮೀಟರ್. 1700 ಮೀಟರ್ ಎತ್ತರದ ಹುಲ್ಲುಗಾವಲಲ್ಲಿ ಒಂದು ನೆಲದ ಆರ್ಕಿಡ್ ಇದೆ ಅಂದುಕೊಳ್ಳಿ. ಒಂದೂವರೆ ಡಿಗ್ರಿ ಏರಿದರೆ ಅದು ತುದಿಗೆ ಬಂದು ನಿಲ್ಲುತ್ತೆ. 2 ಡಿಗ್ರಿ ಆದರೆ ಹತ್ತೋಕೆ ಬೆಟ್ಟವೇ ಇಲ್ಲ. ಜೊತೆಗೆ ಬೆಟ್ಟ ಅನ್ನೋದು ಕೋನ್ ತರ. ತುದಿಯಿಂದ 400 ಮೀಟರ್ ಕೆಳಗಿನವರೆಗೆ ಇದ್ದ ಜಾಗ 200 ಮೀಟರಿಗೆ ಕುಗ್ಗಿದರೆ ಏರಿಯಾ ಅರ್ಧ ಆಗಲ್ಲ, ಕಾಲು ಭಾಗ ಆಗುತ್ತೆ. ಸೀತಾಳೆಯ ಹಾಗೆ ದೂರದೂರ ಹರಡಿರೋ ಹೂ ಹೇಗೋ ಉಳಿದೀತು. ತುದಿಯಲ್ಲಷ್ಟೇ ಇರೋದರ ಕಥೆ?

ಇಷ್ಟೆಲ್ಲ ಕಂಪ್ಯೂಟರ್ ಮಾಡೆಲ್ ಹೇಳಲ್ವಾ ಅಂತ ಕೇಳಬಹುದು. ಮಳೆ, ಉಷ್ಣಾಂಶದ ಡೇಟಾ ಕೊಟ್ಟರೆ 'ಮುಂದೆ ಈ ಜಾಗ ಒಗ್ಗುತ್ತೆ' ಅಂತ ಮ್ಯಾಪ್ ಬಣ್ಣ ಹಚ್ಚಿ ಕೊಡುತ್ತೆ ನಿಜ. ಆದರೆ 'ಒಗ್ಗುತ್ತೆ' ಬೇರೆ, 'ತಲುಪುತ್ತೆ' ಬೇರೆ. ಶಿಲೀಂಧ್ರ, ಕೀಟ, ಆಶ್ರಯದ ಮರ ಆ ಬಣ್ಣದಲ್ಲಿ ಕಾಣಲ್ಲ. ಗಿಡದ ಫೋಟೋಗಳೆಲ್ಲ ರಸ್ತೆ ಬದಿಯಲ್ಲೇ ತೆಗೆದಿದ್ದರೆ ಮಾಡೆಲ್‌ಗೆ ಆರ್ಕಿಡ್ ರಸ್ತೆಯನ್ನೇ ಇಷ್ಟಪಡುತ್ತೆ ಅನ್ನಿಸುತ್ತೆ! ಲ್ಯಾಬಿನಲ್ಲಿ ಟಿಶ್ಯೂ ಕಲ್ಚರ್ ಮಾಡಿ ಸಾವಿರ ಸಸಿ ತೆಗೆಯಬಹುದು, ಬದುಕೋಕೆ ಬೇಕಾದ ಕಾಡನ್ನ ಬಾಟಲಿಯಲ್ಲಿ ಬೆಳೆಸೋಕಾಗಲ್ಲ.

ಹಾಗಾಗಿ ನಮ್ಮ ಅಭಿಪ್ರಾಯ ಇಷ್ಟೇ: ಹೂವನ್ನ ಎತ್ತಿ ಬೇರೆಡೆ ಇಡೋ ಪ್ಲಾನಿಗಿಂತ, ಅದು ತಾನೇ ಸರಿಯೋಕೆ ದಾರಿ ಬಿಡೋದು ಮುಖ್ಯ. ತಗ್ಗಿನಿಂದ ಬೆಟ್ಟದವರೆಗೆ ಕಾಡು ತುಂಡಾಗದೆ ಇರಬೇಕು. ಕಾಫಿ ತೋಟಗಳ ಹಲಸು, ಅತ್ತಿ, ನಂದಿಯಂಥ ಹಳೇ ನೆರಳಿನ ಮರಗಳು ಈ ದಾರಿಯ ಮೆಟ್ಟಿಲುಗಳು. ಅವನ್ನ ಕಡಿದು ಬರೀ ಸಿಲ್ವರ್ ಓಕ್ ಹಾಕಿದರೆ ಮೆಟ್ಟಿಲು ಮುರಿದ ಹಾಗೆ. ಬೇಗ ಬೆಳೆದು ಬೇಗ ದುಡ್ಡು ಕೊಡುತ್ತೆ ಅನ್ನೋ ಬೆಳೆಗಾರರ ಮಾತೂ ಸುಳ್ಳಲ್ಲ. ಅದಕ್ಕೇ ಹಳೇ ಮರ ಉಳಿಸಿಕೊಂಡವರ ಕಾಫಿಗೆ ನಾಲ್ಕು ಕಾಸು ಹೆಚ್ಚು ಸಿಗಬೇಕು, ಆ ಖರ್ಚಲ್ಲಿ ಕಾಫಿ ಕುಡಿಯೋ ನಮಗೂ ಪಾಲಿರಬೇಕು.

ಟ್ರೆಕ್‌ಗೆ ಹೋಗೋರು ಒಂದು ಕೆಲಸ ಮಾಡಬಹುದು. ಆರ್ಕಿಡ್ ಕಂಡರೆ ಕಿತ್ತು ಬ್ಯಾಗಿಗೆ ಹಾಕೋದು ಬೇಡ. ಫೋಟೋ ಜೊತೆ ದಿನಾಂಕ, ಎತ್ತರ, ಯಾವ ಮರ ಅಂತ ಬರೆದಿಟ್ಟುಕೊಳ್ಳಿ. ಸರಿಯಾದ ಜಾಗವನ್ನ ರೀಲ್ಸ್‌ನಲ್ಲಿ ಹಾಕದೆ ಅಧ್ಯಯನ ಮಾಡೋರಿಗೆ ಕೊಡಿ. ಹತ್ತು ವರ್ಷ ಆದ ಮೇಲೆ ಹೂ ಎಷ್ಟು ಮೀಟರ್ ಸರಿದಿದೆ ಅಂತ ಯಾರಾದರೂ ಲೆಕ್ಕ ಹಾಕಬೇಕಾದರೆ, ಇವತ್ತು ಅದು ಎಲ್ಲಿತ್ತು ಅನ್ನೋದು ಮೊದಲು ಗೊತ್ತಿರಬೇಕಲ್ಲ.