ಬಾಗಿಲ ಚೌಕಟ್ಟಿನಲ್ಲಿ ಗೊದ್ದ ಕಂಡರೆ...

ಸಕ್ಕರೆ ಡಬ್ಬಿಗೆ ಇರುವೆ ಮುತ್ತಿದರೆ ನಾವ್ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಡಬ್ಬಿಯನ್ನು ಬಿಸಿಲಿಗಿಟ್ಟು ಮುಂದಿನ ಕೆಲಸಕ್ಕೆ ಹೋಗುತ್ತೇವೆ. ಆದರೆ ಬಚ್ಚಲುಮನೆಯ ಬಾಗಿಲ ಚೌಕಟ್ಟಿನ ಸಂದಿಯಿಂದ ದಪ್ಪ ದಪ್ಪ ಕರಿ ಗೊದ್ದಗಳು ಸಾಲುಗಟ್ಟಿ ಇಳಿಯತೊಡಗಿದರೆ? 'ಅಯ್ಯೋ, ಕಟ್ಟಿಗಿ ತಿಂದು ಹಾಕ್ತಾವ್ರೀ!' ಎಂದು ಎದೆ ಧಸಕ್ಕೆನ್ನುತ್ತದೆ. ತಕ್ಷಣ ಫೋನು ಔಷಧಿ ಹೊಡೆಯುವವರಿಗೆ.

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ನನಗೆ ಗೊತ್ತಿರುವ ಒಂದು ಮನೆಯಲ್ಲಿ ಆಗಿದ್ದೂ ಇದೇ. ಬಂದವರು ಒಂದು ಸಲ ಕಣ್ಣಾಡಿಸಿ 'ಗೆದ್ದಲು ಹತ್ತೈತ್ರಿ' ಎಂದರು. ಗೋಡೆಯ ಬುಡಕ್ಕೆ ಉದ್ದಕ್ಕೂ ತೂತು ಕೊರೆದು ಔಷಧಿ ತುಂಬಿಸಿ ದುಡ್ಡು ಎಣಿಸಿಕೊಂಡು ಹೋದರು. ಎರಡು ತಿಂಗಳಿಗೆ ಗೊದ್ದಗಳು ಮತ್ತೆ ಹಾಜರು! ಇನ್ನು ಚೌಕಟ್ಟನ್ನೇ ಕೀಳಿಸುವುದೆಂದು ಬಡಗಿಯನ್ನು ಕರೆಸಿದರು. ಆತ ಸ್ಕ್ರೂಡ್ರೈವರಿನ ಹಿಡಿಯಿಂದ ಮೇಲಿನಿಂದ ಕೆಳಗಿನವರೆಗೆ ಕುಟ್ಟುತ್ತಾ ಬಂದು, 'ಅಕ್ಕಾರ, ಮ್ಯಾಲೆಲ್ಲಾ ಗಟ್ಟಿ ಐತ್ರಿ. ಕೆಳಗ ಒಂದ್ ಗೇಣು ಮಾತ್ರ ಮೆತ್ತಗಾಗೈತಿ. ನೀರು ಎಲ್ಲಿಂದ ಬರ್ತೈತಿ ನೋಡ್ರಿ ಮೊದಲು' ಎಂದ. ಗೋಡೆಯೊಳಗೆ ನಲ್ಲಿ ಪೈಪಿನ ಜೋಡಣೆ ಹನಿಯುತ್ತಿತ್ತು. ಎಷ್ಟು ದಿನದಿಂದಲೋ!

ನಾನು ಹೇಳಬೇಕೆಂದಿರುವುದೂ ಆ ಬಡಗಿ ಹೇಳಿದ್ದನ್ನೇ. ಗೊದ್ದ ಮರ ತಿನ್ನುವುದಿಲ್ಲ. ಇಂಗ್ಲಿಷಿನಲ್ಲಿ ಇದರ ಬಳಗವನ್ನು ಕಾರ್ಪೆಂಟರ್ ಆಂಟ್, ಅಂದರೆ ಬಡಗಿ ಇರುವೆ ಎನ್ನುತ್ತಾರೆ. ಮರ ಕೊರೆಯುವುದು ಗೂಡಿಗಾಗಿ. ಹೊಟ್ಟೆಗೆ ಬೇಕಾದದ್ದು ಸಿಹಿ, ಸತ್ತ ಹುಳು, ಗಿಡದ ಹೇನು ಸುರಿಸುವ ಸಿಹಿ ಅಂಟು. ನಮ್ಮ ಕಡೆಯ ಕರಿ ಗೊದ್ದ ಹೆಚ್ಚಾಗಿ ಗೂಡು ಕಟ್ಟುವುದು ನೆಲದಲ್ಲಿ, ಮರದ ಬುಡದಲ್ಲಿ. ಹಾಗಾಗಿ ಅಡುಗೆಮನೆಯಲ್ಲಿ ನಾಲ್ಕು ಗೊದ್ದ ಓಡಾಡಿದ ಮಾತ್ರಕ್ಕೆ ಮನೆಗೆ ಕಂಟಕ ಬಂತೆಂದಲ್ಲ, ಬೆಲ್ಲದ ವಾಸನೆಗೆ ಬಂದಿರುತ್ತವೆ ಅಷ್ಟೇ. ಮರದಲ್ಲೇ ಬೀಡು ಬಿಟ್ಟಿವೆ ಎಂದಾದರೆ, ಆ ಮರ ಎಲ್ಲೋ ನೀರು ಕುಡಿದು ಮೆತ್ತಗಾಗಿದೆ, ಇಲ್ಲವೇ ಗೆದ್ದಲು ಮೊದಲೇ ಕೊರೆದಿಟ್ಟಿದೆ ಎಂದು ತಿಳಿಯಬೇಕು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿದಂತೆ ಇದೂ!

ನಮ್ಮದು ಬಿಸಿಲ ಸೀಮೆ, ಇಲ್ಲೆಲ್ಲಿಯ ತೇವ ಎನ್ನಬೇಡಿ. ಬೇಸಿಗೆಯಲ್ಲಿ ಕಿಟಕಿಗೆ ಏರಿಸಿದ ಕೂಲರಿನಿಂದ ತಿಂಗಳುಗಟ್ಟಲೆ ನೀರು ಹನಿದು ಆ ಕಿಟಕಿಯ ಚೌಕಟ್ಟು ಏನಾಗಿರುತ್ತದೆ, ಯಾವತ್ತಾದರೂ ನೋಡಿದ್ದೀರಾ? ತುಂಬಿ ಹರಿಯುವ ಓವರ್‌ಹೆಡ್ ಟ್ಯಾಂಕು, ಸಿಂಕಿನ ಕೆಳಗಿನ ಕಪಾಟು, ಹಳೇ ಮಾಳಿಗೆಯ ಜಂತಿ ಗೋಡೆಗೆ ಕೂಡುವ ಜಾಗ, ಇವನ್ನೂ ನೋಡಿ. ಬಚ್ಚಲ ಬಾಗಿಲಂತೂ ಇದ್ದೇ ಇದೆ, ದಿನಕ್ಕೆ ಹತ್ತು ಸಲ ನೀರು ಎರಚಿಸಿಕೊಳ್ಳುತ್ತದೆ ಪಾಪ.

ಗೆದ್ದಲೋ ಗೊದ್ದವೋ ತಿಳಿಯಲು ಇಂಜಿನಿಯರು ಬೇಕಿಲ್ಲ, ಕಸಬರಿಗೆ ಹಿಡಿಯುವ ನಮಗೇ ಮೊದಲು ಗೊತ್ತಾಗುತ್ತದೆ. ಗೋಡೆ ಮೇಲೆ, ಚೌಕಟ್ಟಿನ ಮೇಲೆ ಮಣ್ಣಿನ ಗೆರೆ ಎಳೆದಂತೆ ಕೊಳವೆ ಕಂಡರೆ ಅದು ಗೆದ್ದಲು. ಕೊರೆದ ಮರದೊಳಗೂ ಅದು ಮಣ್ಣು ಮೆತ್ತಿರುತ್ತದೆ. ಗೊದ್ದದ ಗೂಡಾದರೆ ಒಳಗೆ ಉಜ್ಜುಕಾಗದ ಹಾಕಿದಂತೆ ನುಣುಪು. ಕೊರೆದ ಹೊಟ್ಟನ್ನು ಸಂದಿಯಿಂದ ಹೊರಗೆ ತಳ್ಳುತ್ತದೆ. ಬೆಳಿಗ್ಗೆ ಗುಡಿಸುವಾಗ ಒಂದೇ ಜಾಗದಲ್ಲಿ ಒರಟಾದ ಹೊಟ್ಟು, ಅದರಲ್ಲಿ ಸತ್ತ ಹುಳುಗಳ ಕಾಲು, ತಲೆ ಸಿಕ್ಕಿದರೆ ಗೊದ್ದವೇ. ಮೈದಾ ಹಿಟ್ಟಿನಂತೆ ನುಣ್ಣಗಿನ ಪುಡಿ ಮತ್ತು ಸೂಜಿ ಚುಚ್ಚಿದಂಥ ತೂತುಗಳಿದ್ದರೆ ಅದು ಮೂರನೆಯದು, ಮರ ಕೊರೆಯುವ ದುಂಬಿ.

ಮೊದಲ ಮಳೆಯ ಸಂಜೆ ಟ್ಯೂಬ್‌ಲೈಟಿಗೆ ಮುತ್ತುವ ರೆಕ್ಕೆಹುಳುಗಳಲ್ಲೂ ಗುರುತುಂಟು. ಗೆದ್ದಲಿನ ನಾಲ್ಕು ರೆಕ್ಕೆಯೂ ಒಂದೇ ಉದ್ದ, ನಡು ದಪ್ಪ. ಇರುವೆಗೆ ಮುಂದಿನ ರೆಕ್ಕೆ ದೊಡ್ಡದು, ನಡು ಸಣ್ಣ, ಮೀಸೆ ಮೊಣಕೈಯಂತೆ ಬಾಗಿರುತ್ತದೆ. ದೀಪಕ್ಕೆ ಹೊರಗಿನಿಂದ ಬಂದವುಗಳ ಚಿಂತೆ ಬೇಡ. ಚೌಕಟ್ಟಿನ ಬಿರುಕಿನಿಂದಲೇ ಹೊರಟರೆ ಮಾತ್ರ ಎಚ್ಚರ!

ರಾತ್ರಿ ಎಲ್ಲರೂ ಮಲಗಿದ ಮೇಲೆ ಟಾರ್ಚ್ ಹಿಡಿದು ಹತ್ತು ನಿಮಿಷ ಕೂತರೆ ಸಾಲು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದೂ ಗೊತ್ತಾಗಿಬಿಡುತ್ತದೆ. ಎಷ್ಟೋ ಸಲ ಅದು ಕಿಟಕಿ ದಾಟಿ ಹಿತ್ತಲಿನ ನುಗ್ಗೆ ಮರಕ್ಕೆ ಹೋಗಿರುತ್ತದೆ. ಆಗ ಗೋಡೆಗೆ ತಾಗಿದ ಕೊಂಬೆ ಕಡಿಸಿದರೆ ಅರ್ಧ ಕಾಟ ಮುಗಿಯಿತು.

ಇನ್ನು ಔಷಧಿ. ಸ್ಪ್ರೇ ಹೊಡೆದರೆ ಸಾಯುವುದು ಎದುರಿಗೆ ಓಡಾಡುವವು ಮಾತ್ರ, ರಾಣಿ ಒಳಗೆ ಆರಾಮಾಗಿ ಮೊಟ್ಟೆ ಇಡುತ್ತಿರುತ್ತಾಳೆ. ಸೀಮೆಸುಣ್ಣದ ಗೆರೆಯೂ ಅಷ್ಟೆ, ಅವು ಸುತ್ತು ಹಾಕಿಕೊಂಡು ಬರುತ್ತವೆ. ಅದಕ್ಕಿಂತ ಒಂದು ಕಪ್ ಸಕ್ಕರೆ ಪಾಕಕ್ಕೆ ಅರ್ಧ ಚಹಾ ಚಮಚ ಬೋರಿಕ್ ಪುಡಿ ಕಲಸಿ, ಹತ್ತಿಯಲ್ಲಿ ಅದ್ದಿ ಸಾಲಿನ ಪಕ್ಕ ಇಡಿ. ಪುಡಿ ಹೆಚ್ಚು ಹಾಕಿದರೆ ದಾರಿಯಲ್ಲೇ ಸಾಯುತ್ತವೆ, ಗೂಡಿಗೆ ಒಯ್ಯುವುದಿಲ್ಲ. ಒಂದೆರಡು ವಾರ ತಾಳ್ಮೆ ಬೇಕು. ಅಂಬೆಗಾಲಿಡುವ ಮಕ್ಕಳಿದ್ದ ಮನೆಯಲ್ಲಿ ಇದೂ ಬೇಡವೇ ಬೇಡ. ಅಟ್ಟದ ಮೇಲೆ ಅಜ್ಜಿಯ ಕಾಲದ ಗ್ಯಾಮಾಕ್ಸಿನ್ ಪುಡಿ ಇದ್ದರೆ ಅದನ್ನಂತೂ ಮುಟ್ಟಬೇಡಿ. ಬಿ.ಎಚ್.ಸಿ. 1997ರಲ್ಲೇ ನಿಷೇಧವಾಗಿದೆ. ಅದರದೇ ಕುಲದ ಲಿಂಡೇನ್ ಬಳಕೆಯೂ 2013ರಲ್ಲಿ ನಿಂತಿದೆ.

ಮಣ್ಣಿನ ಕೊಳವೆ ಕಂಡರೆ ಮಾತ್ರ ತಡ ಮಾಡದೆ ಗೆದ್ದಲಿನ ಔಷಧಿಯವರನ್ನು ಕರೆಯಿರಿ, ಅದು ಮನೆಮದ್ದಿಗೆ ಬಗ್ಗುವಂಥದ್ದಲ್ಲ. ಆದರೆ ಬಂದವರಿಗೆ ಮೊದಲು 'ಯಾವ ಹುಳ, ಎಲ್ಲೈತಿ ತೋರಿಸ್ರಿ' ಎಂದು ಕೇಳಿ. ತೋರಿಸದೆ ರೇಟು ಹೇಳುವವರಿಗೆ ಚಹಾ ಕೊಟ್ಟು ಕಳಿಸಿ, ಸಾಕು.

ಚಿತ್ತವಾಡ್ಗಿಯ ಆ ಮನೆಯಲ್ಲಿ ಪೈಪು ಸರಿಮಾಡಿಸಿ, ಮರ ಪೂರ್ತಿ ಒಣಗಲು ಬಿಟ್ಟು, ಕೆಳಗಿನ ಆ ಒಂದು ಗೇಣನ್ನಷ್ಟೇ ಕತ್ತರಿಸಿ ಬೇವಿನ ತುಂಡು ಕೂಡಿಸಿದರು. ಚೌಕಟ್ಟು ಹಳೆಯದೇ ಇದೆ. ಗೊದ್ದಗಳು ಈಗ ಹಿತ್ತಲಿನ ದಾಸವಾಳದ ಬುಡದಲ್ಲಿವೆಯಂತೆ.